ಹೂಳಿನ ಜಾಡು



ಚಂಡೀಗಢ ನಗರದಲ್ಲಿ ೧೯೫೮ರಲ್ಲಿ ಸುಖ್ನಾ ಎಂಬ ಕೆರೆಯನ್ನು ಕಟ್ಟಲಾಯಿತು. ಅದಕ್ಕೆ ನೀರು ಬರುವುದು ಶಿವಾಲಿಕ ಗುಡ್ಡಗಳಿಂದ. ಅಲ್ಲಿಯ ಮಣ್ಣು ಬಲು ಸಡಿಲವಾದುದು. ಹುಲ್ಲು ಹೊದ್ದ ನೆಲದಲ್ಲಿ ಮಳೆನೀರು ನಿಧಾನವಾಗಿ ಇಂಗುವುದು. ಬೋಳು ನೆಲದಲ್ಲಾದರೋ ಹನಿಯ ಪೆಟ್ಟಿಗೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ನೆಲದ ರಂಧ್ರಗಳನ್ನೇ ಮುಚ್ಚುವುವು. ಇಂಗಲಾರದ ನೀರು ಆ ಮಣ್ಣನ್ನು ಹೊತ್ತು ಓಡುವುದು. ಇಪ್ಪತ್ತು ವರ್ಷ ತುಂಬುವ ಮೊದಲೇ ಕೆರೆಯಲ್ಲಿ ಅಪಾರವಾಗಿ ಹೂಳು ಸೇರಿತು.

ಮಣ್ಣು ಮತ್ತು ಜಲ ಸಂರಕ್ಷಣ ಸಂಶೋಧನ ಸಂಸ್ಥೆಯ ಚಂಡೀಗಢ ಕೇಂದ್ರದ ವಿಜ್ಞಾನಿಗಳಾದ ಪಿ. ಆರ್. ಮಿಶ್ರರು ಹೂಳಿನ ಜಾಡನ್ನು ಹಿಡಿದು ಮೇಲಕ್ಕೆ ನಡೆದರು. ಜಾಡು ಹರಿಯಾಣದ ಸುಖೋಮಾಜ್ರಿ ಎಂಬ ಬಡ ಹಳ್ಳಿಯ ಗುಡ್ಡವನ್ನು ಮುಟ್ಟಿತು. ಸಸಿ ನೆಟ್ಟರು, ಕೊರಕಲುಗಳಿಗೆ ಅಡ್ಡಗಟ್ಟೆ ಹಾಕಿದರು. ಹಸಿದ ಆಡು ಶಾಸ್ತ್ರವನ್ನರಿಯದು. ಆಡಿನಿಂದಲೇ ಬಾಳುವವರಿಗೆ ಗುಡ್ಡವನ್ನು ಬಿಡಿರೆಂದರೆ ಅವರು ಉಣ್ಣುವುದೇನನ್ನು?

೧೯೭೬ರಲ್ಲಿ ಹಳ್ಳಿಯ ಮೇಲ್ಗಡೆ ಮಣ್ಣಿನ ಒಡ್ಡು ಹಾಕಿ ಮಳೆನೀರನ್ನು ನಿಲ್ಲಿಸಿದರು. ಹೊಲಗಳಿಗೆ ನೀರು ದೊರೆಯಿತು. ಆದರೆ ಹೊಲವೇ ಇಲ್ಲದವನು ಯಾವ ಲಾಭಕ್ಕಾಗಿ ಗುಡ್ಡವನ್ನು ಕಾಯಬೇಕು? ಈ ನ್ಯಾಯವಾದ ಪ್ರಶ್ನೆಗೆ ಯಾವ ಅಳತೆಗೋಲಿನಲ್ಲಿಯೂ ಉತ್ತರವಿರಲಿಲ್ಲ. ಕಡೆಗೆ, ಭೂಮಿಯುಳ್ಳ ಮನೆಗೂ ಇಲ್ಲದ ಮನೆಗೂ ನೀರಿನಲ್ಲಿ ಸಮಪಾಲೆಂದು ನಿಶ್ಚಯವಾಯಿತು. ಹೊಲವಿಲ್ಲದವನು ತನ್ನ ಪಾಲನ್ನು ಮಾರಿಕೊಳ್ಳಬಹುದಾಯಿತು. ಬಳಿಕ ಗುಡ್ಡಕ್ಕೆ ಮುಳ್ಳುಬೇಲಿ ಬೇಕಾಗಲಿಲ್ಲ, ಊರವರೇ ಕಾವಲಾದರು. ಆಡುಗಳು ಕಡಮೆಯಾಗಿ ಎಮ್ಮೆಗಳು ಹೆಚ್ಚಿದುವು. ಹಗ್ಗಕ್ಕೂ ಕಾಗದಕ್ಕೂ ಒದಗುವ ಭಾಬರ ಹುಲ್ಲು ಗುಡ್ಡವನ್ನು ಮುಚ್ಚಿತು. ಆ ಹಳ್ಳಿಯ ಕಡೆಯಿಂದ ಕೆರೆಗೆ ಇಳಿಯುತ್ತಿದ್ದ ಮಣ್ಣೂ ಕುಗ್ಗಿತು.