ತಂಗಿರುವ ಹಕ್ಕಿಯನ್ನು ಎಬ್ಬಿಸಬೇಡಿ
(ಜುಮಾ ಖುತ್ಬಾದ ಸಾರಾಂಶ)

 



ಮಕ್ಕಾ ವಿಜಯದ ಸಂದರ್ಭದಲ್ಲಿ ಪ್ರವಾದಿಯವರು(ಸ) ಆ ನಗರದ ಪಾವಿತ್ರ್ಯವನ್ನು ಸಾರುತ್ತಾ, ಅಲ್ಲಿನ ಬೇಟೆಯ ಪ್ರಾಣಿಯನ್ನು ಬೆದರಿಸಲೂ ಬಾರದು ಎಂದರು. ಕೊಲ್ಲಬಾರದು ಎಂದರೆ ಯಾರಿಗಾದರೂ ತಿಳಿಯುತ್ತದೆ. ಬೆದರಿಸಬಾರದು ಎಂದರೇನು? ಇಬ್ನು ಅಬ್ಬಾಸ್(ರ)ರ ಶಿಷ್ಯ ಇಕ್ರಿಮಾ ಕೊಟ್ಟ ವಿವರಣೆ ಸಹೀಹುಲ್ ಬುಖಾರಿಯಲ್ಲಿದೆ. ನೆರಳಲ್ಲಿ ತಂಗಿರುವ ಜೀವಿಯನ್ನು ಎಬ್ಬಿಸಿ ಓಡಿಸಿ ಆ ಜಾಗದಲ್ಲಿ ತಾನು ಇಳಿದುಕೊಳ್ಳುವುದೇ ಬೆದರಿಸುವುದು ಎಂಬುದು ಅದರ ತಾತ್ಪರ್ಯ.

ನಮ್ಮ ಕುಮಟಾ ಕರಾವಳಿ ಹರಮ್ ಅಲ್ಲ. ಆ ವಿಧಿ ಇಲ್ಲಿಗೆ ಅನ್ವಯಿಸುತ್ತದೆ ಎಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ತಿಳಿಯಬಾರದು. ಆದರೆ ಆ ವಿವರಣೆಯನ್ನು ಓದಿದಾಗಲೆಲ್ಲ ನನಗೆ ಅಘನಾಶಿನಿಯ ಅಳಿವೆ ನೆನಪಾಗುತ್ತದೆ.

ಶಿರಸಿಯ ಕಡೆ ಹುಟ್ಟುವ ಈ ನದಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಘಟ್ಟದ ಮಣ್ಣನ್ನು ಹೊತ್ತು ತಂದು ಮಿರ್ಜಾನ್, ತದಡಿಯ ಸುತ್ತ ಹರಡುತ್ತದೆ. ದಿನಕ್ಕೆ ಎರಡು ಸಲ ಸಮುದ್ರದ ನೀರು ಏರಿ ಇಳಿಯುತ್ತದೆ. ಹೊಳೆ, ಕೆಸರು, ಕಾಂಡ್ಲಾ, ಗಜನಿ, ಸಾಣಿಕಟ್ಟೆಯ ಉಪ್ಪಿನ ಆಗರ ಎಲ್ಲವೂ ಇಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ಇರಾನಿನ ಒಂದು ಪಟ್ಟಣ. 1971ರಲ್ಲಿ ಅಲ್ಲಿ ಆದ ಒಪ್ಪಂದದಂತೆ ಜಗತ್ತಿನ ಮುಖ್ಯ ಜೌಗು ನೆಲಗಳನ್ನು ಗುರುತಿಸುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿಗೆ ಅತಿಥಿಗಳು ಬರುತ್ತಾರೆ. ಸ್ಯಾಂಡ್ ಪ್ಲವರ್ ಎಂಬ ಪುಟ್ಟ ಹಕ್ಕಿಯ ತೂಕ 60 ಗ್ರಾಂ ಆಸುಪಾಸು. ಟಿಬೆಟ್‌ನ ಎತ್ತರದ ಬಯಲಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಕಡಲಂಚಿಗೆ ಬರುತ್ತದೆ. ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ ಇನ್ನೂ ಉತ್ತರದಿಂದ ಬರುತ್ತದೆ. ನೀರು ಇಳಿದಾಗ ಕೆಸರಿನ ಮೇಲೆ ಇವುಗಳ ಊಟ ನಡೆಯುತ್ತದೆ. ಗಿಡ್ಡ ಕೊಕ್ಕಿನವು ಮೇಲ್ಪದರದ ಹುಳ ಹೆಕ್ಕಿದರೆ, ಉದ್ದ ಕೊಕ್ಕಿನವು ಆಳದ ಹುಳ, ಏಡಿಗಳನ್ನು ಎಳೆದು ತೆಗೆಯುತ್ತವೆ. ಒಂದರ ಪಾಲಿಗೆ ಇನ್ನೊಂದು ಕೈಹಾಕುವುದು ಕಡಿಮೆ. ಭೂಮಿಯ ಜೀವಿಗಳೂ ರೆಕ್ಕೆಯ ಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಸೂರಃ ಅಲ್ ಅನ್‌ಆಮ್ ತಿಳಿಸುವುದರ ಅರ್ಥ ಇಂಥಲ್ಲಿ ನಿಂತು ನೋಡಿದರೆ ಚೆನ್ನಾಗಿ ಮನಸ್ಸಿಗೆ ಬರುತ್ತದೆ.

ಭರತ ಬಂದಾಗ ಕೆಸರೆಲ್ಲ ನೀರಡಿ ಹೋಗುತ್ತದೆ. ಇವು ಬಾತುಕೋಳಿಗಳಲ್ಲ, ನೀರಿನ ಮೇಲೆ ತೇಲುತ್ತಾ ಕಾಯಲಾರವು. ಆಗ ಹತ್ತಿರದ ಒಣ ಜಾಗವೇ ಗತಿ. ಆಗರದ ದಿಣ್ಣೆ, ಗಜನಿಯ ಒಡ್ಡುಗಳ ಮೇಲೆ ಗುಂಪಾಗಿ ಒಂಟಿ ಕಾಲಲ್ಲಿ ನಿಂತು ನೀರು ಇಳಿಯುವುದನ್ನು ಕಾಯುತ್ತವೆ. ನೋಡುವವರಿಗೆ ಸುಮ್ಮನೆ ನಿಂತಂತೆ ಕಾಣುತ್ತದೆ. ಆದರೆ ಅವು ತಿಂದದ್ದನ್ನು ಕೊಬ್ಬಾಗಿ ಕೂಡಿಡುತ್ತಿರುತ್ತವೆ. ಮರಳುವ ಮುನ್ನ ಕೆಲವು ಜಾತಿಗಳು ತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಅದೇ ಅವುಗಳ ದಾರಿಯ ಬುತ್ತಿ. ಈ ಬುತ್ತಿಯ ಬಲ ಎಷ್ಟೆಂದರೆ, 2022ರಲ್ಲಿ ಅಲಾಸ್ಕಾದಿಂದ ಹೊರಟ ಗಾಡ್‌ವಿಟ್ ಜಾತಿಯ ಎಳೆ ಹಕ್ಕಿಯೊಂದು ಎಲ್ಲೂ ಇಳಿಯದೆ 11 ದಿನ ಹಾರಿ, 13,560 ಕಿ.ಮೀ. ದೂರದ ತಾಸ್ಮೇನಿಯಾ ತಲುಪಿತು. ದೇಹಕ್ಕೆ ಅಂಟಿಸಿದ ಪುಟ್ಟ ಯಂತ್ರದಿಂದ ಇದು ತಿಳಿದುಬಂತು.

ಒಡ್ಡಿನ ಮೇಲೆ ಬೈಕ್ ಓಡಿಸಿ, ಹಕ್ಕಿ ಒಟ್ಟಿಗೆ ಎದ್ದಾಗ ವಿಡಿಯೋ ತೆಗೆಯುವ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಪ್ರತಿ ಸಲ ಎಬ್ಬಿಸಿದಾಗಲೂ ಮುಸಾಫಿರನ ಬುತ್ತಿಯಿಂದ ಒಂದು ತುತ್ತು ಖರ್ಚಾಗುತ್ತದೆ. ಪ್ರಯಾಣಿಕನ ಹಕ್ಕಿನ ಬಗ್ಗೆ ಇಷ್ಟು ಹೇಳಿದ ದೀನ್ ನಮ್ಮದು.

"ಮೌಲಾನಾ, ಆ ಹಕ್ಕಿ ಹಲಾಲ್ ತಾನೇ?" ಎಂದು ಕೇಳುವವರಿದ್ದಾರೆ. ಹಲಾಲ್ ಎಂಬುದು ಅನುಮತಿ, ಅಪ್ಪಣೆಯಲ್ಲ. ಅಲ್ಲದೆ 1972ರ ವನ್ಯಜೀವಿ ಕಾಯ್ದೆ ಇವುಗಳ ಬೇಟೆಯನ್ನು ನಿಷೇಧಿಸಿದೆ. ನೆಲದ ಕಾನೂನನ್ನು ಪಾಲಿಸುವುದು ನಾವು ಮಾಡಿದ ಕರಾರು.

ಇನ್ನು ಕೆಲವರ ಕಣ್ಣಿಗೆ ಇದೆಲ್ಲ ಬೀಳು ಜಾಗ, ಮಣ್ಣು ತುಂಬಿದರೆ ಸೈಟ್. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಲ್ಲಿ ಬಳಚು ಆರಿಸುವ ಹೆಂಗಸರನ್ನು ಕೇಳಿ ನೋಡಿ. ಅಂಬಿಗರು, ಹರಿಕಂತ್ರರು, ನಮ್ಮವರು ಎಲ್ಲರ ಮನೆಯ ಒಲೆ ಉರಿಯುವುದು ಅದೇ ಕೆಸರಿನಿಂದ. ಗಜನಿಯಲ್ಲಿ ಮಳೆಗಾಲಕ್ಕೆ ಉಪ್ಪುನೀರು ತಾಳುವ ಕಗ್ಗ ಭತ್ತ, ಕೊಯ್ಲಿನ ಬಳಿಕ ಸೀಗಡಿ, ಮೀನು. ಹಕ್ಕಿಯ ಊಟ ನಿಂತ ಕಡೆ ಬಳಚು ಉಳಿದೀತು ಎಂದು ನಾನು ನಂಬುವುದಿಲ್ಲ.

ಮಾರ್ಚ್ ಕೊನೆಯ ಹೊತ್ತಿಗೆ ಅವು ಹೊರಡತೊಡಗುತ್ತವೆ. ಅಲ್ಲಿಯವರೆಗೆ ಭರತದ ವೇಳೆಯಲ್ಲಿ ಒಡ್ಡಿನ ಮೇಲೆ ಹಕ್ಕಿಗಳಿದ್ದರೆ ಬೇರೆ ದಾರಿ ಹಿಡಿಯಿರಿ. ನಾಯಿಯನ್ನು ಬಿಡಬೇಡಿ, ಪಟಾಕಿ ಹೊಡೆಯಬೇಡಿ. ವಲೀಮಾದ ಪ್ಲಾಸ್ಟಿಕ್ ತಟ್ಟೆ, ಲೋಟ ಹೊಳೆಯಂಚಿಗೆ ಬೀಳುತ್ತಿರುವ ವಿಷಯವನ್ನು ನಮಾಝ್ ಮುಗಿದ ಮೇಲೆ ಜಮಾಅತ್ ಕಮಿಟಿಯವರೊಂದಿಗೆ ಮಾತಾಡಲಿದ್ದೇವೆ. ಈ ತಿಂಗಳು ಮದುವೆ ಇಟ್ಟುಕೊಂಡಿರುವ ಮನೆಯವರು ದಯವಿಟ್ಟು ಕುಳಿತುಕೊಳ್ಳಿ.