ಕಸ ಕೈ ಬದಲಾಗುವ ಜಾಗ



2017ರ ಏಪ್ರಿಲ್‌ನಲ್ಲಿ ನಮ್ಮ ಮೈಸೂರಿನ ಹೊರವಲಯದ ಶ್ಯಾದನಹಳ್ಳಿಯಲ್ಲಿ ಒಬ್ಬ ಹುಡುಗ ಊರಾಚೆಯ ಬಯಲಿಗೆ ಕಾಲಿಟ್ಟ. ಮೇಲ್ನೋಟಕ್ಕೆ ಒಣ ಮಣ್ಣು, ಅಡಿಯಲ್ಲಿ ಬೆಂಕಿ. ಸುಟ್ಟ ಗಾಯಗಳಿಂದ ಆ ಮಗು ಉಳಿಯಲಿಲ್ಲ. ಅದು ಕಾರ್ಖಾನೆಗಳ ತ್ಯಾಜ್ಯ ಸುರಿದಿದ್ದ ಜಾಗ. ಉರಿಯಬಲ್ಲ ತ್ಯಾಜ್ಯವನ್ನು ರಾಶಿ ಹಾಕಿ ಮಣ್ಣು ಮುಚ್ಚಿಬಿಟ್ಟರೆ ಒಳಗಿನ ಕಾವು ಹೊರಗೆ ಹೋಗುವುದಿಲ್ಲ. ಸಂದಿಯಲ್ಲಿ ನುಗ್ಗುವಷ್ಟು ಗಾಳಿಯಲ್ಲೇ ಜ್ವಾಲೆಯಿಲ್ಲದೆ ತಿಂಗಳುಗಟ್ಟಲೆ ಬೇಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದರು, ಮಾದರಿ ತೆಗೆದರು. ಊರವರು ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಇಲ್ಲಿ ತಂದು ಸುರಿದವರು ಯಾರು?

ಈ ಸಂಕಿರಣದ ಆಶಯವೆಂದು ನಾನು ಮುಂದಿಡುವುದೂ ಅದೇ ಪ್ರಶ್ನೆಯನ್ನು. ಆ ಸಾವಿಗೆ ಒಂದು ವರ್ಷ ಮೊದಲು, 2016ರಲ್ಲಿ, ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ನಗರವಾಗಿತ್ತು. ಆ ಗೌರವಕ್ಕೆ ಬೆಳಗಿನ ಜಾವ ಬೀದಿಗಿಳಿಯುವ ನಮ್ಮ ಪೌರಕಾರ್ಮಿಕರು ನ್ಯಾಯವಾಗಿ ಅರ್ಹರು. ಆದರೆ ಸಮೀಕ್ಷೆ ನಗರದ ಗಡಿಯಲ್ಲಿ ನಿಲ್ಲುತ್ತದೆ, ಲಾರಿ ನಿಲ್ಲುವುದಿಲ್ಲ.

ನಿಯಮಗಳಿಗೇನೂ ಬರವಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2000ನೇ ಇಸವಿಯಲ್ಲಿ ದೇಶಕ್ಕೆ ನಗರ ಘನತ್ಯಾಜ್ಯದ ಮೊದಲ ನಿಯಮಾವಳಿ ಬಂತು. 2016ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಪ್ಲಾಸ್ಟಿಕ್, ಆಸ್ಪತ್ರೆ ತ್ಯಾಜ್ಯ, ಕಟ್ಟಡದ ಅವಶೇಷ, ಅಪಾಯಕಾರಿ ತ್ಯಾಜ್ಯ, ಘನತ್ಯಾಜ್ಯಗಳಿಗೆ ಒಂದರ ಹಿಂದೊಂದು ಹೊಸ ನಿಯಮಗಳು ಹೊರಬಿದ್ದವು. ಇವುಗಳಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮವನ್ನು ನೀವು ನಿಧಾನವಾಗಿ ಓದಬೇಕು. ಕಾರ್ಖಾನೆ ತನ್ನ ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಹೊರಗೆ ಕಳಿಸುವಾಗ ಏಳು ಬಣ್ಣದ ಏಳು ಪ್ರತಿಗಳ ರವಾನೆ ಪತ್ರ ಇರಬೇಕು. ಬಿಳಿ ಪ್ರತಿಯನ್ನು ಕಳಿಸಿದವರು ಮಂಡಳಿಗೆ ಕೊಡುತ್ತಾರೆ. ಹಸಿರು ಪ್ರತಿ, ಮಾಲು ತಲುಪಿದ ಮೇಲೆ, ಪಡೆದವರಿಂದ ಮಂಡಳಿಗೆ ಬರುತ್ತದೆ. ಬಿಳಿ ಬಂದು ಹಸಿರು ಬಾರದಿದ್ದರೆ ಆ ಲೋಡು ನಡುದಾರಿಯಲ್ಲಿ ಎಲ್ಲೋ ಇಳಿದಿರಬಹುದು ಎಂದು ಅನುಮಾನಿಸಬೇಕು. ಇಡೀ ಕಾನೂನಿನ ಜೀವ ಈ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿದೆ.

ರವಾನೆ ಪತ್ರವನ್ನೇ ಬರೆಯದೆ ರಾತ್ರೋರಾತ್ರಿ ಸಾಗಿಸಿದರೆ? ಆಗಲೂ ದಾರಿಯಿದೆ, ಅದು ಲೆಕ್ಕದ ದಾರಿ. ಲೋಹದ ಲೇಪನ ಮಾಡುವ ಘಟಕ ಎಷ್ಟು ನಿಕಲ್, ಎಷ್ಟು ಕ್ರೋಮಿಯಂ ಕೊಂಡಿತು, ಎಷ್ಟು ನೀರು ಬಳಸಿತು ಎಂಬುದು ಅದರ ಪುಸ್ತಕಗಳಲ್ಲೇ ಇರುತ್ತದೆ. ಅಷ್ಟಕ್ಕೆ ಇಷ್ಟು ಕೆಸರು ಬರಲೇಬೇಕೆಂದು ರಸಾಯನಶಾಸ್ತ್ರ ಹೇಳುತ್ತದೆ. ದಾಬಸ್‌ಪೇಟೆಯಲ್ಲಿ ಇಂಥ ತ್ಯಾಜ್ಯಕ್ಕೆಂದೇ ಭದ್ರವಾದ ಭೂಭರ್ತಿ ಇದೆ. ಅಲ್ಲಿಗೆ ತಲುಪಿದ್ದಕ್ಕೂ ಹುಟ್ಟಬೇಕಾಗಿದ್ದಕ್ಕೂ ನಡುವಿನ ವ್ಯತ್ಯಾಸವೇ ನಮ್ಮ ತನಿಖೆಯ ಮೊದಲ ಸಾಲು. ಇಂಥ ಲೆಕ್ಕಕ್ಕೆ ಬೇಕಾದ ವಿದ್ಯೆ ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಧಾರಾಳವಾಗಿದೆ. ಅದು ಪ್ರಬಂಧಗಳಲ್ಲೇ ಉಳಿಯಬಾರದೆಂದು ನನ್ನ ಪ್ರಾರ್ಥನೆ.

ಇನ್ನು ನಾವು ಕುಳಿತಿರುವ ದಟ್ಟಗಳ್ಳಿಯ ಮಾತು. ಇದು ಮನೆಗಳ ಬಡಾವಣೆ, ಕಾರ್ಖಾನೆಯ ಹೊಗೆ ಇಲ್ಲಿಲ್ಲ. ಹಾಗೆಂದು ಅಪಾಯಕಾರಿ ತ್ಯಾಜ್ಯ ಇಲ್ಲವೆನ್ನಲಾಗದು. ಕೆಟ್ಟುಹೋದ ಹಳೆಯ ಬಗೆಯ ಟ್ಯೂಬ್‌ಲೈಟಿನೊಳಗೆ ಪಾದರಸವಿದೆ. ಉಳಿದ ಪೇಂಟಿನ ಡಬ್ಬ, ಅವಧಿ ಮುಗಿದ ಮಾತ್ರೆ, ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರ ಸೂಜಿ, ಗ್ಯಾರೇಜಿನ ಸುಟ್ಟ ಎಣ್ಣೆ, ಮೊಬೈಲಿನ ಊದಿಕೊಂಡ ಬ್ಯಾಟರಿ. ಇವೆಲ್ಲ ಒಣ ಕಸದ ಚೀಲದೊಳಗೆ ಸೇರಿ ಬೆಳಿಗ್ಗೆ ಕಸದ ಆಟೊ ಹತ್ತುತ್ತವೆ. ಬರಿಗೈಯಲ್ಲಿ ಚೀಲ ಬಿಚ್ಚುವ ಹೆಣ್ಣುಮಗಳ ಬೆರಳಿಗೆ ಮೊದಲು ತಾಗುವುದು ಆ ಸೂಜಿಯೇ. ಅವಳ ಪಾಲಿಗೆ ಅದು ಮಂಡಳಿಯ ತ್ಯಾಜ್ಯವೂ ಅಲ್ಲ, ನಗರಪಾಲಿಕೆಯ ತ್ಯಾಜ್ಯವೂ ಅಲ್ಲ.

ಅದಕ್ಕೂ 2016ರ ಘನತ್ಯಾಜ್ಯ ನಿಯಮ ಉತ್ತರ ಬರೆದಿತ್ತು. ಮನೆಯ ಅಪಾಯಕಾರಿ ತ್ಯಾಜ್ಯವನ್ನು ಜನ ತಂದೊಪ್ಪಿಸಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕೆಂದು ಅದು ಹೇಳಿತು. ಮೈಸೂರು ನೂರು ಚದರ ಕಿಲೋಮೀಟರು ದಾಟಿದ ನಗರ. ಕನಿಷ್ಠ ಐದಾರು ಕೇಂದ್ರಗಳು ಬೇಕಾಗುತ್ತವೆ. ತಮ್ಮ ಮನೆಗೆ ಹತ್ತಿರದ ಕೇಂದ್ರ ಯಾವುದೆಂದು ಈ ಸಭಾಂಗಣದಲ್ಲಿ ಎಷ್ಟು ಜನ ಹೇಳಬಲ್ಲರು? ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಈ ಊರು ಕಲಿತಿದೆ. ಕುಂಬಾರಕೊಪ್ಪಲಿನ ಘಟಕ ಕಸವನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಗೊಬ್ಬರ ಮಾಡಿ, ಮಾರಿ ತೋರಿಸಿದೆ. ಹೀಗೆ ಕಲಿತ ಊರಿಗೆ ಮೂರನೆಯ ಚೀಲ ಭಾರವಾಗದು. ಅದನ್ನು ಒಯ್ದು ಕೊಡಲು ಒಂದು ವಿಳಾಸ ಬೇಕು, ಅಷ್ಟೆ. ವಿಳಾಸವಿಲ್ಲದ್ದೆಲ್ಲ ಕೊನೆಗೆ ರಿಂಗ್ ರಸ್ತೆಯ ಬದಿಗೋ, ಮಳೆ ಬಂದಾಗ ಪಕ್ಕದ ಲಿಂಗಾಂಬುಧಿ ಕೆರೆಯಂಥ ತಗ್ಗಿಗೋ ಸೇರುತ್ತದೆ.

ಶಿಕ್ಷೆಯ ವಿಷಯವನ್ನು ಮಧ್ಯಾಹ್ನದ ಗೋಷ್ಠಿ ಮುಕ್ತವಾಗಿ ಚರ್ಚಿಸಲಿ. ಭೋಪಾಲ್ ದುರಂತದ ನೆರಳಿನಲ್ಲಿ ಹುಟ್ಟಿದ 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಉಲ್ಲಂಘನೆಗೆ ಜೈಲಿತ್ತು. 2023ರ ಜನವಿಶ್ವಾಸ ಕಾಯ್ದೆಯ ತಿದ್ದುಪಡಿ ಅದರ ಜಾಗದಲ್ಲಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ತಂದಿತು. ಮೊಕದ್ದಮೆ ವರ್ಷಾನುಗಟ್ಟಲೆ ಎಳೆಯುವ ಬದಲು ದಂಡ ಬೇಗ ಬೀಳುತ್ತದೆ ಎನ್ನುವವರಿದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೆ ದಾಬಸ್‌ಪೇಟೆಗೆ ಕಳಿಸುವ ಖರ್ಚಿಗಿಂತ ದಂಡ ಅಗ್ಗವಾದ ದಿನ, ದಂಡವೂ ಉತ್ಪಾದನಾ ವೆಚ್ಚದ ಒಂದು ಬಾಬತ್ತಾಗುತ್ತದೆ. ಇದನ್ನು ನಾನು ಒಪ್ಪಲಾರೆ.

ಎರಡು ದಿನಗಳ ಗೋಷ್ಠಿಗಳಿಂದ ನನಗೆ ಬೇಕಾದದ್ದು ಗೊತ್ತುವಳಿಗಳ ಉದ್ದ ಪಟ್ಟಿಯಲ್ಲ. ಮೈಸೂರು ಸುತ್ತಲಿನ ಕೈಗಾರಿಕಾ ಪ್ರದೇಶಗಳ ಬಿಳಿ, ಹಸಿರು ಪ್ರತಿಗಳನ್ನು ಪ್ರತಿ ತಿಂಗಳು ತಾಳೆ ನೋಡಿ, ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕುವ ಒಂದು ವಿಧಾನವನ್ನು ಬರೆದುಕೊಡಿ. ಮಂಡಳಿಯವರೂ ಪಾಲಿಕೆಯವರೂ ಪಂಚಾಯಿತಿಯವರೂ ಒಂದೇ ಮೇಜಿನಲ್ಲಿ ಕುಳಿತು ಬರೆಯಬೇಕು. ಮೊದಲ ಗೋಷ್ಠಿಯ ಅಧ್ಯಕ್ಷರಲ್ಲಿ ನನ್ನ ವಿನಂತಿ, ಆ ಬರವಣಿಗೆಯನ್ನು ಶ್ಯಾದನಹಳ್ಳಿಯ ಸರ್ವೆ ನಕ್ಷೆಯಿಂದ ಆರಂಭಿಸಿ.