ಬಸವನಗುಡಿಯ ‘ಹಳ್ಳಿ ಹಬ್ಬ’ದಲ್ಲಿ ನಮ್ಮಪ್ಪ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಮೂರು ವರ್ಷ ಓದಿದರೂ ನಾನು ಈ ವೇದಿಕೆ ಹತ್ತಿ ಮಾತಾಡಿದವನಲ್ಲ. ಸ್ವಾತಂತ್ರ್ಯ ದಿನಾಚರಣೆಗೆ ಹೆಸರು ಕೊಟ್ಟು, ಆ ದಿನ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿದವನು. ಇವತ್ತು ಮುಖ್ಯೋಪಾಧ್ಯಾಯರು ‘ಸಾಫ್ಟ್‌ವೇರ್ ಬಗ್ಗೆ ನಾಲ್ಕು ಮಾತು ಹೇಳಪ್ಪ’ ಅಂದಿದ್ದಾರೆ. ಅವರ ಕ್ಷಮೆ ಕೇಳಿ ಬೇರೆ ವಿಷಯ ಹೇಳುತ್ತೇನೆ. ಕಾರಣ, ಬೆಳಿಗ್ಗೆ ಬರುವಾಗ ಮೈದಾನದಲ್ಲಿ ನೀವು ಮಾಡಿರುವ ‘ಅಂದಿನ ನಮ್ಮೂರು’ ನೋಡಿದೆ. ಸೋಗೆಯ ಗುಡಿಸಲು, ಒರಳು, ಬೀಸುವ ಕಲ್ಲು, ಎತ್ತಿನ ಗಾಡಿ, ಕಚ್ಚೆಪಂಚೆ ಉಟ್ಟ ಮಕ್ಕಳು. ಚೆನ್ನಾಗಿದೆ. ಅದನ್ನು ನೋಡಿದಾಗ ಹೋದ ವರ್ಷ ನಡೆದ ಒಂದು ಸಂಗತಿ ನೆನಪಾಯಿತು.

ನಾವು ಇರುವುದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ಮಗಳು ಓದುವುದು ಬಸವನಗುಡಿಯ ಒಂದು ಶಾಲೆಯಲ್ಲಿ. ನವೆಂಬರ್‌ನಲ್ಲಿ ಅಲ್ಲಿ ‘ಹಳ್ಳಿ ಹಬ್ಬ’ ಮಾಡಿದರು. ಆಗ ನಮ್ಮಪ್ಪ ಕಣ್ಣಿನ ಆಪರೇಷನ್‌ಗೆ ಬಂದು ನಮ್ಮ ಮನೆಯಲ್ಲೇ ಇದ್ದರು. ಅವರನ್ನೂ ಕರೆದುಕೊಂಡು ಹೋದೆ.

ಶಾಲೆಯ ಅಂಗಳವೇ ಒಂದು ಹಳ್ಳಿಯಾಗಿತ್ತು. ಒಂದು ಕಡೆ ಪಟೇಲರ ಜಗುಲಿ, ಇನ್ನೊಂದು ಕಡೆ ಸಂತೆ. ಒಬ್ಬ ಹುಡುಗ ಬಣ್ಣದ ರುಮಾಲು ಸುತ್ತಿ ಶಾನುಭೋಗನಾಗಿದ್ದ. ರಾಗಿ ಬೀಸುವವರು ಎರಡು ಸುತ್ತು ತಿರುಗಿಸಿ ಫೋಟೋ ತೆಗೆಸಿಕೊಂಡು ಏಳುತ್ತಿದ್ದರು. ಕೊನೆಯಲ್ಲಿ ಕುಂಬಾರನ ಮನೆ. ಅಲ್ಲಿ ಮೋಟಾರು ಕಟ್ಟಿದ ತಿಗರಿ. ಬಾಡಿಗೆಗೆ ಕರೆಸಿದ್ದ ಹುಡುಗ ಮಕ್ಕಳ ಕೈ ಹಿಡಿದು ಹಣತೆ ಮಾಡಿಸುತ್ತಿದ್ದ.

ನನ್ನ ಮಗಳು ಹಣತೆ ಹಿಡಿದು ಓಡಿ ಬಂದು, ‘ತಾತ, ನೋಡು, ಇದನ್ನು ಪಾಟರಿ ವೀಲ್ ಅಂತಾರೆ. ನೀನು ನೋಡಿದೀಯಾ?’ ಅಂದಳು.

ಅಪ್ಪ ನನ್ನ ಮುಖ ನೋಡಿದರು. ಮೂವತ್ತು ವರ್ಷ ತಿಗರಿಯ ಮುಂದೆ ಕೂತ ಮನುಷ್ಯ. ಅವರ ಮೊಮ್ಮಗಳಿಗೆ ಅದು ಗೊತ್ತಿಲ್ಲ. ಯಾಕೆಂದರೆ ನಾನು ಹೇಳಿಲ್ಲ. ಬಾಡಿಗೆ ಮನೆ ಹುಡುಕುವಾಗ, ಆಫೀಸಿನಲ್ಲಿ ಊಟಕ್ಕೆ ಕೂತಾಗ, ‘ಊರಲ್ಲಿ ತಂದೆಯವರು ಏನು ಮಾಡ್ತಾರೆ?’ ಅಂದರೆ ‘ವ್ಯವಸಾಯ’ ಅಂದುಬಿಡುತ್ತಿದ್ದೆ. ಅದೇ ಮಾತು ಮನೆಯೊಳಗೂ ಬಂದುಬಿಟ್ಟಿತ್ತು.

ಅಪ್ಪ ಚಪ್ಪಲಿ ಬಿಟ್ಟು ತಿಗರಿಯ ಮುಂದೆ ಕೂತರು. ಮೊದಲ ಮುದ್ದೆ ಕುಸಿದು ಹೋಯಿತು. ‘ಕೋಲಲ್ಲಿ ತಿರುಗಿಸೋ ಕೈ ಇದು, ಮೋಟಾರಿನ ಮಾತು ಕೇಳಾಕಿಲ್ಲ’ ಅಂತ ನಕ್ಕರು. ಎರಡನೆಯದು ಎದ್ದಿತು. ಕಂಠ ಬಂತು, ಬಾಯಿ ಬಂತು. ದಾರದಿಂದ ಕೊಯ್ದು ಎತ್ತಿದಾಗ ಮಗಳು, ‘ತಾತ, ಇದಕ್ಕೆ ತಳಾನೇ ಇಲ್ಲ!’ ಅಂತ ಕೂಗಿದಳು.

‘ತಿಗರಿ ಮೇಲೆ ತಳ ಬರಾಕಿಲ್ಲ ಪುಟ್ಟಿ’ ಅಂದರು ಅಪ್ಪ. ಆಮೇಲೆ ಅಲ್ಲಿದ್ದವರಿಗೆಲ್ಲ ಪಾಠವೇ ಆಯಿತು. ಕೆರೆಯ ಜೇಡಿಮಣ್ಣು ತಂದು ಕಲ್ಲು ಆರಿಸಬೇಕು, ಮರಳು ಬೆರೆಸಿ ಕಾಲಲ್ಲಿ ತುಳಿಯಬೇಕು. ತಿಗರಿಯ ಮೇಲೆ ಬರುವುದು ಬಾಯಿ, ಕಂಠ ಮತ್ತು ದಪ್ಪ ಗೋಡೆ ಮಾತ್ರ. ಅದು ಅರ್ಧ ಒಣಗಿದ ಮೇಲೆ ಒಳಗೆ ಒಂದು ಉಂಡೆ ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಗೋಡೆಯನ್ನು ತೆಳ್ಳಗೆ ಮಾಡುತ್ತಾ ತಳ ಮುಚ್ಚಬೇಕು. ನೆರಳಲ್ಲಿ ಒಣಗಿಸಿ ಆವಿಗೆಯಲ್ಲಿ ಸುಡಬೇಕು. ಸುಡುವ ರಾತ್ರಿ ಮಳೆ ಬಂದರೆ ತಿಂಗಳ ದುಡಿಮೆ ಮಣ್ಣು. ‘ತಿಗರಿ ಹಿಡಿದೋನು ನಾನು. ತಟ್ಟಿದ್ದೆಲ್ಲ ನಿಮ್ಮಜ್ಜಿ. ಅವಳ ಫೋಟೋ ಯಾರೂ ತೆಗೀಲಿಲ್ಲ’ ಅಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಟಾಗ ಅಪ್ಪ ಪಟೇಲರ ಜಗುಲಿಯ ಹತ್ತಿರ ನಿಂತು ಹೇಳಿದ ಮಾತು ನನಗೆ ಮರೆಯುವುದಿಲ್ಲ. ‘ಎಲ್ಲಾ ಸರಿಯಾಗೈತೆ ಕಣಪ್ಪ. ಆದರೆ ಕುಂಬಾರನ ಹುಡುಗ ಹೋಗಿ ಪಟೇಲರ ಜಗುಲಿ ಮೇಲೆ ಕೂತವ್ನೆ. ಅಂಗೆ ಯಾವತ್ತೂ ಇರಲಿಲ್ಲ.’

ನಾನು ಕಂಪನಿ ಕೆಲಸಕ್ಕೆ ಇಂಗ್ಲೆಂಡಿಗೆ ಹೋಗಿದ್ದಾಗ ಸಫೋಕ್ ಪ್ರಾಂತ್ಯದ ಕೆಂಟ್‌ವೆಲ್ ಹಾಲ್ ಎಂಬ ಹಳೆಯ ಬಂಗಲೆಗೆ ಹೋಗಿದ್ದೆ. ಅಲ್ಲಿ ಬೇಸಿಗೆಯಲ್ಲಿ ಕೆಲವು ದಿನ ಜನ ಟ್ಯೂಡರ್ ರಾಜರ ಕಾಲದವರಂತೆ ಬಟ್ಟೆ ತೊಟ್ಟು, ಆ ಕಾಲದ ಮಾತಿನ ವರಸೆಯಲ್ಲೇ ಮಾತಾಡುತ್ತಾ, ಅಡುಗೆ, ನೇಯ್ಗೆ, ಕಮ್ಮಾರಿಕೆ ಮಾಡಿ ತೋರಿಸುತ್ತಾರೆ. ಟ್ಯೂಡರ್ ಕಾಲ ನಮಗೆ ದೂರದ್ದಲ್ಲ. ಅವರ ಎಂಟನೇ ಹೆನ್ರಿ ಪಟ್ಟಕ್ಕೆ ಬಂದ 1509ರಲ್ಲೇ ನಮ್ಮ ಕೃಷ್ಣದೇವರಾಯನೂ ಪಟ್ಟಕ್ಕೆ ಬಂದ. ಆ ಹೆನ್ರಿ ಆಳುತ್ತಿದ್ದಾಗಲೇ, 1537ರಲ್ಲಿ, ಕೆಂಪೇಗೌಡರು ಬೆಂಗಳೂರು ಪೇಟೆ ಕಟ್ಟಿಸಿದರು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳು ಇಂದಿಗೂ ಇವೆ. ಕೆಂಟ್‌ವೆಲ್‌ನಲ್ಲಿ ನನಗೆ ಹಿಡಿಸಿದ್ದು ಬಟ್ಟೆಯಲ್ಲ. ಅಲ್ಲಿ ಯಜಮಾನರು ಬೇರೆ, ಆಳುಗಳು ಬೇರೆ. ಯಾರು ಎಲ್ಲಿ ನಿಲ್ಲಬೇಕು ಎಂಬುದೂ ಆ ಆಟದ ಒಂದು ಭಾಗವಾಗಿತ್ತು.

ನಮ್ಮಲ್ಲೂ ಹಳೆಯದನ್ನು ಕಾಪಾಡಿದ ದೊಡ್ಡವರಿದ್ದಾರೆ. ಎಚ್.ಎಲ್. ನಾಗೇಗೌಡರು ಐ.ಎ.ಎಸ್. ಅಧಿಕಾರಿಯಾಗಿದ್ದವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ತೆರೆದರು. ಹಳ್ಳಿಗಳಲ್ಲಿ ಮೂಲೆಗೆ ಬಿದ್ದಿದ್ದ ಕೊಳಗ, ಸೇರು, ಕುಕ್ಕೆ, ವಾಡೆಗಳನ್ನು ಅಲ್ಲಿ ಕೂಡಿಸಿದರು. ಮಾರನೆಯ ಭಾನುವಾರ ಅಪ್ಪ, ಮಗಳು ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಒಂದೊಂದು ವಸ್ತುವಿನ ಮುಂದೆಯೂ ಅಪ್ಪ ನಿಂತು ಹೆಸರು ಹೇಳುವರು, ಮಗಳು ತಿರುಗಿ ಹೇಳುವಳು. ಆಯಗಾರರ ವಿಷಯ ಬಂದಾಗ ಅಪ್ಪ ನಮ್ಮ ತಾತನ ಕಥೆ ತೆಗೆದರು.

ವರ್ಷವಿಡೀ ಊರಿಗೆ ಮಡಕೆ ಕೊಡಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರಬೇಕು. ತಾತ ಕಣದ ಅಂಚಿನಲ್ಲಿ ಟವಲು ಹಿಡಿದು ರಾಶಿ ಅಳೆದು ಮುಗಿಯುವವರೆಗೆ ನಿಲ್ಲುತ್ತಿದ್ದರಂತೆ. ಮಳೆ ಹೋದ ವರ್ಷ ಆಯವೂ ಇಲ್ಲ, ಆದರೂ ಮಡಕೆ ಇಲ್ಲ ಅನ್ನುವ ಹಾಗಿಲ್ಲ. ‘ನಮಗಿಂತ ಇನ್ನೂ ದೂರ ನಿಂತೋರಿದ್ರು. ತೋಟಿ ಕೆಲಸದೋರು ಬಾವಿ ಹತ್ರಾನೂ ಬರೋ ಹಾಗಿರಲಿಲ್ಲ. ಅವರ ಮುಂದೆ ನಾವೂ ದೊಡ್ಡೋರೇ ಆಗ್ತಿದ್ವಿ’ ಅಂದರು. ಈ ಮಾತನ್ನು ಮರೆಮಾಚದೆ ಹೇಳಿದ್ದಕ್ಕೆ ನನಗೆ ಅಪ್ಪನ ಮೇಲೆ ಗೌರವ ಹೆಚ್ಚಾಯಿತು.

ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆಯುವ ಕಾಯ್ದೆ 1961ರಲ್ಲೇ ಆಯಿತು. ನಮ್ಮ ತಿಗರಿ ನಿಲ್ಲಲು ಕಾಯ್ದೆ ಬೇಕಾಗಲಿಲ್ಲ, ಅಲ್ಯೂಮಿನಿಯಂ ಪಾತ್ರೆ, ಪ್ಲಾಸ್ಟಿಕ್ ಕೊಡಗಳು ಸಾಕಾದವು. ಆದರೆ ಕುಂಬಾರನ ಮಗ ಬೇರೆ ಏನಾದರೂ ಆಗಬಹುದು ಅಂತ ನಮ್ಮೂರಿಗೆ ತೋರಿಸಿದ್ದು ಈ ಹೈಸ್ಕೂಲು. ಅಪ್ಪ ಏಳನೇ ತರಗತಿ ಮುಗಿಸಿದಾಗ ಇಲ್ಲಿ ಹೈಸ್ಕೂಲು ಇರಲಿಲ್ಲ. ಅವರು ತಿಗರಿ ಹಿಡಿದ ಎರಡು ವರ್ಷಕ್ಕೆ ಬಂತು. ನಮ್ಮ ಚಿಕ್ಕಪ್ಪ ಇಲ್ಲಿಯ ಮೊದಲ ತಂಡದವರು. ಎರಡು ವರ್ಷದ ಅಂತರದಲ್ಲಿ ಒಬ್ಬರು ಕುಂಬಾರರಾದರು, ಇನ್ನೊಬ್ಬರು ಮೇಷ್ಟ್ರಾದರು. ನಾನು ಓದುವಾಗ ಪಟೇಲರ ಮನೆಯ ಹುಡುಗ, ನಾನು, ಕಾಲೊನಿಯ ಗೆಳೆಯ ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಇಬ್ಬರೂ ಇವತ್ತು ಇಲ್ಲೇ ಇದ್ದಾರೆ. ಮೈದಾನದ ಆ ಗುಡಿಸಲಿಗಿಂತ ನನಗೆ ಆ ಬೆಂಚು ದೊಡ್ಡದು.

ರಾಮನಗರದಿಂದ ವಾಪಸು ಬರುವಾಗ ಅಪ್ಪ ಅಂದರು: ‘ತಿಗರಿ ಬಿಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ. ನೀನೂ ಅಂಗೇ ಕಷ್ಟಪಡಬೇಕಿತ್ತು ಅನ್ನಾಕಿಲ್ಲ. ಆದರೆ ಆ ಕೂಸಿಗೆ ಅದರ ಹೆಸರೂ ಹೇಳಿಲ್ಲವಲ್ಲ, ಅದಕ್ಕೆ ಬೇಜಾರು.’ ನನ್ನ ಬಳಿ ಉತ್ತರ ಇರಲಿಲ್ಲ. ಇವತ್ತು ನಿಮ್ಮೆಲ್ಲರ ಮುಂದೆ ‘ನಾನು ಕುಂಬಾರರ ಮಗ’ ಅಂತ ಹೇಳುತ್ತಿದ್ದೇನಲ್ಲ, ಇದೇ ನನ್ನ ಉತ್ತರ.

ಗುರುಗಳಲ್ಲಿ ಒಂದು ಕೋರಿಕೆ. ಮೈದಾನದಲ್ಲಿರುವ ವಸ್ತುಗಳನ್ನು ನಾಳೆ ಅವರವರ ಮನೆಗೆ ಕಳಿಸಿಬಿಡಬೇಡಿ. ಕೊಡಲು ಒಪ್ಪುವವರಿಂದ ಪಡೆದು ಒಂದು ಕೊಠಡಿಯಲ್ಲಿ ಇಡೋಣ. ಪ್ರತಿಯೊಂದರ ಪಕ್ಕದಲ್ಲೂ ಅದರ ಹೆಸರು, ಬಳಸಿದವರು ಯಾರು, ಹೇಗೆ ಬಳಸಿದರು, ಅವರಿಗೆ ಕೂಲಿ ಏನು ಸಿಕ್ಕಿತು, ಅವರು ಎಲ್ಲಿ ನಿಲ್ಲಬೇಕಿತ್ತು ಎಂಬುದನ್ನು ಮಕ್ಕಳು ಹಿರಿಯರನ್ನು ಕೇಳಿ ಬರೆಯಲಿ. ಅಜ್ಜಿಯರನ್ನು ಮರೆಯದೆ ಕೇಳಲಿ. ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ ಕಳಿಸಿದರೆ, ಅದನ್ನೆಲ್ಲ ಜೋಡಿಸಿ, ಕಳೆದುಹೋಗದಂತೆ ಕಾಪಾಡುವ ಕೆಲಸ ನನ್ನದು. ನಾನು ಓದಿದ ಬಿ.ಇ. ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ಮೊದಲ ವಸ್ತುವನ್ನು ನಾನೇ ತಂದಿದ್ದೇನೆ. ಇದು ಮಡಕೆ ತಟ್ಟುವ ಹಲಗೆ, ಇದು ಅದರ ಕಲ್ಲು. ನಮ್ಮಮ್ಮ ಬಳಸಿದ್ದು. ಕಲ್ಲಿನ ಒಂದು ಬದಿ ಅವರ ಅಂಗೈಯಲ್ಲಿ ಸವೆದು ನುಣುಪಾಗಿದೆ. ಮಕ್ಕಳೇ, ಬಂದು ಮುಟ್ಟಿ ನೋಡಿ. ಅಪ್ಪ ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಕೇಳಿದರೆ ಹೇಳುತ್ತಾರೆ.